ಕೂಸಿನ ಬೆಳವಣಿಗೆ ತಡವಾದರೆ ಕಾಯಬೇಡಿ



“ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದ, ಇನ್ನಷ್ಟು ದಿನ ನೋಡೋಣ” ಎಂದು ಮನೆಯ ಹಿರಿಯರು ಹೇಳುವುದುಂಟು. ಕೆಲವು ಮಕ್ಕಳು ತಾವಾಗಿಯೇ ಸುಧಾರಿಸುತ್ತಾರೆ, ನಿಜ. ಆದರೆ ಯಾವ ಕೂಸಿಗೆ ಚಿಕಿತ್ಸೆ ಬೇಕೆಂಬುದು ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಮೊದಲ 3 ವರ್ಷಗಳಲ್ಲಿ ಮೆದುಳು ಅತಿ ವೇಗವಾಗಿ ಬೆಳೆಯುತ್ತದೆ. ಈ ವಯಸ್ಸಿನಲ್ಲಿ ಕಲಿಸಿದ್ದು ಬೇಗ ಹತ್ತುತ್ತದೆ.

ಯಾವಾಗ ವೈದ್ಯರಿಗೆ ತೋರಿಸಬೇಕು?

1. 3 ತಿಂಗಳಾದರೂ ನಿಮ್ಮ ಮುಖ ನೋಡಿ ನಗದಿದ್ದರೆ.
2. 4 ತಿಂಗಳು ತುಂಬಿದರೂ ಗೋಣು ನಿಲ್ಲದಿದ್ದರೆ.
3. 9 ತಿಂಗಳಾದರೂ ಆಸರೆಯಿಲ್ಲದೆ ಕೂಡದಿದ್ದರೆ.
4. 1 ವರ್ಷವಾದರೂ ಹೆಸರು ಕರೆದಾಗ ತಿರುಗಿ ನೋಡದಿದ್ದರೆ.
5. ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಒಂದು ಮಾತೂ ಆಡದಿದ್ದರೆ.
6. 2 ವರ್ಷವಾದರೂ “ಅವ್ವಾ ಬಾ”, “ಹಾಲು ಬೇಕು” ಎಂದು ಎರಡು ಮಾತು ಕೂಡಿಸದಿದ್ದರೆ.

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ವಯಸ್ಸನ್ನು 2 ವರ್ಷದವರೆಗೆ, ವೈದ್ಯರು ಹೇಳಿದ್ದ ಹೆರಿಗೆ ದಿನಾಂಕದಿಂದ ಎಣಿಸಿರಿ. 2 ತಿಂಗಳು ಮೊದಲೇ ಹುಟ್ಟಿದ್ದರೆ, 6 ತಿಂಗಳಾದಾಗ ಅದನ್ನು 4 ತಿಂಗಳ ಕೂಸೆಂದು ತಿಳಿಯಬೇಕು.

ಒಂದು ದಿನವೂ ತಡ ಮಾಡಬಾರದ್ದು

ಕಲಿತ ಮಾತನ್ನೋ ನಡಿಗೆಯನ್ನೋ ಮಗು ಮರೆತರೆ ಕೂಡಲೇ ತೋರಿಸಿರಿ. ಎಳೆಯ ಕೂಸು ಬೆಚ್ಚಿಬಿದ್ದಂತೆ ತಲೆ ಬಾಗಿಸಿ ಕೈ ಚಾಚುವುದು ಸಾಲಾಗಿ ಮತ್ತೆ ಮತ್ತೆ ಆದರೆ ಅದೊಂದು ಬಗೆಯ ಫಿಟ್ಸ್ ಇರಬಹುದು. ಅದೇ ದಿನ ಆಸ್ಪತ್ರೆಗೆ ಬನ್ನಿರಿ.

ಮಾತು ಬಾರದಿದ್ದರೆ ಮೊದಲು ಕಿವಿ

ಕೇಳದ ಕೂಸು ಮಾತು ಕಲಿಯದು. ತಾಟು ಬಡಿದು ನೋಡುವುದು ಪರೀಕ್ಷೆಯಲ್ಲ, ದೊಡ್ಡ ಸದ್ದಷ್ಟೇ ಕೇಳುವ ಮಕ್ಕಳೂ ಇರುತ್ತಾರೆ. ಹುಟ್ಟಿದ ಕೂಸಿಗೂ ಯಂತ್ರದಿಂದ ಕಿವಿ ಪರೀಕ್ಷೆ ಮಾಡಬಹುದು. ಸೋದರಮಾವ, ಅತ್ತೆಯ ಮಗ ಹೀಗೆ ರಕ್ತಸಂಬಂಧದಲ್ಲಿ ಮದುವೆಯಾದವರು ಇದನ್ನು ತಪ್ಪದೆ ಮಾಡಿಸಬೇಕು. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತ ವರ್ಷ ಕಳೆಯಬೇಡಿ.

ಎಲ್ಲಿ ತೋರಿಸಬೇಕು?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಹುಟ್ಟಿದಾಗಿನಿಂದ 18 ವರ್ಷದವರೆಗೆ ತಪಾಸಣೆ, ಚಿಕಿತ್ಸೆ ಉಚಿತ. ಈ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕೆಂಬ ನಿಯಮವಿದೆ. ಆ ದಿನ ಹೊಲದ ಕೆಲಸವಿದ್ದರೂ, ಮಗ್ಗದ ಕೆಲಸವಿದ್ದರೂ ಕೂಸನ್ನು ಕರೆದೊಯ್ಯಿರಿ. ತಂಡ ಬರುವವರೆಗೆ ಕಾಯದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಬಾಗಲಕೋಟೆಗೆ ಕಳಿಸಿದರೆ ತಾಯಿ ಕಾರ್ಡ್, ಹಳೆಯ ಚೀಟಿಗಳನ್ನು ಒಯ್ಯಿರಿ.

ಮನೆಯಲ್ಲಿ ಏನು ಮಾಡಬೇಕು?

• ಎಚ್ಚರವಿರುವಾಗ ಕೌದಿಯ ಮೇಲೆ ಬೋರಲು ಮಲಗಿಸಿ, ಮುಂದೆ ಕುಳಿತು ಮಾತನಾಡಿಸಿರಿ. ಗೋಣು ಗಟ್ಟಿಯಾಗುತ್ತದೆ.
• ರೊಟ್ಟಿ ಬಡಿಯುವಾಗ “ಹಿಟ್ಟು, ನೀರು, ರೊಟ್ಟಿ” ಎಂದು ಹೆಸರು ಹೇಳಿ, ಕೂಸು ದನಿ ಮಾಡುವವರೆಗೆ ತುಸು ಸುಮ್ಮನಿರಿ.
• ಮೊಬೈಲ್ ಕೊಟ್ಟು ಸುಮ್ಮನಾಗಿಸಬೇಡಿ. ಮೊಬೈಲ್ ಕೂಸಿನ ದನಿಗೆ ಉತ್ತರ ಕೊಡುವುದಿಲ್ಲ.
• ಗಾಲಿಯ ವಾಕರ್ ನಡಿಗೆ ಕಲಿಸದು, ಬಿದ್ದು ಪೆಟ್ಟಾಗುತ್ತದೆ.
• ಚಿಕಿತ್ಸಕರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿಸಿರಿ. ಅಜ್ಜಿ, ತಂದೆಯೂ ಕಲಿತುಕೊಳ್ಳಲಿ.

ಹೆರಿಗೆಯಲ್ಲಿ ಉಸಿರುಗಟ್ಟುವುದು, ವಿಪರೀತ ಕಾಮಾಲೆ, ಥೈರಾಯ್ಡ್ ಕೊರತೆ ಹೀಗೆ ಕಾರಣಗಳು ಹಲವು. ತಾಯಿಯನ್ನು ದೂರಬೇಡಿ. ಎಲ್ಲ ಮಕ್ಕಳೂ ಸಂಪೂರ್ಣ ಗುಣವಾಗಲಿಕ್ಕಿಲ್ಲ. ಆದರೆ ಬೇಗ ಆರಂಭಿಸಿದರೆ ತಾನೇ ಉಣ್ಣುವುದು, ಬೇಕಾದ್ದನ್ನು ಕೇಳುವುದು, ಶಾಲೆಗೆ ಹೋಗುವುದು ಹೆಚ್ಚು ಮಕ್ಕಳಿಗೆ ಸಾಧ್ಯವಾಗುತ್ತದೆ. ಸಂಶಯವಿದ್ದರೆ ಇಂದೇ ನಮ್ಮ ದಾದಿಯರನ್ನು ಕೇಳಿರಿ.