ಓಟ ಮುಗಿಸಿದ ಕುದುರೆಯ ಖರ್ಚು ಯಾರ ಲೆಕ್ಕಕ್ಕೆ?



ಕೆಲವು ವಾರಗಳ ಹಿಂದೆ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಸೃಷ್ಟಿಯ ಪಾಠ ನಡೆಯುತ್ತಿತ್ತು. ದೇವರು ಪ್ರಾಣಿಗಳನ್ನು ಮನುಷ್ಯನ ವಶಕ್ಕೆ ಒಪ್ಪಿಸಿದರೆಂದು ನಾನು ಹೇಳುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಫಾದರ್, ರೇಸ್ ಕುದುರೆಗೆ ಓಡೋಕೆ ಆಗದೆ ಹೋದ್ರೆ ಆಮೇಲೆ ಅದನ್ನ ಏನು ಮಾಡ್ತಾರೆ?" ಎಂದು ಕೇಳಿದಳು. ಅವಳ ಅಜ್ಜ ಕುದುರೆ ಲಾಯದಲ್ಲಿ ಸೈಸ್ ಆಗಿದ್ದವರು. ನಾನು ಬಾಯಿ ತೆರೆಯುವ ಮೊದಲೇ, ಮೊಮ್ಮಗನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ನಿವೃತ್ತ ಗುಮಾಸ್ತರೊಬ್ಬರು, "ಮನುಷ್ಯರಿಗೇ ಪಿಂಚಣಿ ಇಲ್ಲ, ಕುದುರೆಗೆಲ್ಲಿಯ ಪಿಂಚಣಿ ಫಾದರ್!" ಎಂದುಬಿಟ್ಟರು. ಮಕ್ಕಳು ನಕ್ಕರು. ನಾನೂ ನಕ್ಕೆ. ಹುಡುಗಿ ಮಾತ್ರ ನಗಲಿಲ್ಲ.

ಅಂದು ಅವಳಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಹಾಳುಮಾಡಿಕೊಂಡವರ ವಿಷಯ ಬೇರೆ. ಅದನ್ನು ಇನ್ನೊಂದು ದಿನ ನೋಡೋಣ. ಇಂದು ಕುದುರೆಯ ವಿಷಯ ಮಾತ್ರ.

ಅಮೆರಿಕದಲ್ಲಿ ಫರ್ಡಿನಾಂಡ್ ಎಂಬ ಕುದುರೆಯೊಂದಿತ್ತು. 1986ರಲ್ಲಿ ಅದು ಆ ದೇಶದ ಅತಿ ದೊಡ್ಡ ಪಂದ್ಯವಾದ ಕೆಂಟಕಿ ಡರ್ಬಿಯನ್ನು ಗೆದ್ದಿತು. ಅದರ ಸವಾರ ಬಿಲ್ ಶೂಮೇಕರ್ ಅವರಿಗೆ ಆಗ 54 ವರ್ಷ. ಮರುವರ್ಷ ಅದು ವರ್ಷದ ಶ್ರೇಷ್ಠ ಕುದುರೆ ಎನಿಸಿತು. ತನ್ನ ಓಟದ ಕಾಲದಲ್ಲಿ ಮಾಲೀಕರಿಗೆ ಅದು ಗಳಿಸಿಕೊಟ್ಟದ್ದು 37 ಲಕ್ಷ ಡಾಲರಿಗೂ ಹೆಚ್ಚು. ಓಟ ನಿಂತ ಮೇಲೆ ತಳಿಗಾಗಿ ಇರಿಸಿಕೊಂಡರು. ಹುಟ್ಟಿದ ಮರಿಗಳು ನಿರೀಕ್ಷೆಯಂತೆ ಓಡದಿದ್ದಾಗ 1994ರಲ್ಲಿ ಜಪಾನಿಗೆ ಮಾರಿದರು. ಅಲ್ಲಿಯೂ ಬೇಡಿಕೆ ಕುಗ್ಗಿತು. 2002ರಲ್ಲಿ, ತನ್ನ 19ನೆಯ ವಯಸ್ಸಿನಲ್ಲಿ, ಅದು ಕಸಾಯಿಖಾನೆ ಸೇರಿತೆಂಬ ಸುದ್ದಿ ಮರುವರ್ಷ ಅಮೆರಿಕದ ಕುದುರೆ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಜನ ದಿಗ್ಭ್ರಮೆಗೊಂಡರು. ಅಷ್ಟು ಗಳಿಸಿದ ಪ್ರಾಣಿಯ ಹೆಸರಿನಲ್ಲಿ ಅದರ ಹುಲ್ಲಿಗೆಂದು ಯಾರೂ ಒಂದು ಡಾಲರ್ ಎತ್ತಿಟ್ಟಿರಲಿಲ್ಲ.

ಇಷ್ಟಕ್ಕೂ ಓಟದ ಕುದುರೆಯ ಜೀವನದ ಲೆಕ್ಕವೇ ವಿಚಿತ್ರವಾದದ್ದು. ಎರಡು ಮೂರು ವರ್ಷದ ಮರಿಯಾಗಿರುವಾಗಲೇ ಅದು ಓಟಕ್ಕೆ ಇಳಿಯುತ್ತದೆ. ಹೆಚ್ಚಿನವು ಐದಾರು ವರ್ಷಕ್ಕೆ ಓಟ ಮುಗಿಸುತ್ತವೆ. ಆದರೆ ಆರೋಗ್ಯವಂತ ಕುದುರೆ 25 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಅಂದರೆ ಮೂರು ನಾಲ್ಕು ವರ್ಷದ ದುಡಿಮೆ, 20 ವರ್ಷದ ನಿವೃತ್ತಿ! ದಿನಕ್ಕೆ ಸುಮಾರು 10 ಕಿಲೋ ಮೇವು ಎಂದಿಟ್ಟುಕೊಂಡರೂ 20 ವರ್ಷಕ್ಕೆ 73 ಟನ್ ಆಯಿತು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವ ಖರ್ಚು, ಹಲ್ಲಿನ ಖರ್ಚು, ವೈದ್ಯರ ಖರ್ಚು, ನೋಡಿಕೊಳ್ಳುವವನ ಕೂಲಿ ಬೇರೆ. ಕಾಲು ನೆಟ್ಟಗಿದ್ದರೆ ಸವಾರಿ ಶಾಲೆಗೋ ಜಿಗಿತದ ಕ್ರೀಡೆಗೋ ಪಳಗಿಸಬಹುದು. ಅದಕ್ಕೂ ತಿಂಗಳುಗಟ್ಟಲೆ ಸಮಯ, ಹಣ ಬೇಕು. ಕಾಲಿಗೆ ಪೆಟ್ಟಾದ ಕುದುರೆಯನ್ನು ಕೇಳುವವರೇ ಇಲ್ಲ.

ಈಗ ಗುಮಾಸ್ತರ ಪ್ರಶ್ನೆಗೆ ಬರೋಣ. ಅದನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2418ನೆಯ ಪರಿಚ್ಛೇದ ಎರಡು ಮಾತುಗಳನ್ನು ಒಟ್ಟಿಗೇ ಇಡುತ್ತದೆ. ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ವಿರುದ್ಧ ಎಂಬುದು ಮೊದಲನೆಯದು. ಮನುಷ್ಯರ ಕಷ್ಟ ಪರಿಹಾರಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎಂಬುದು ಎರಡನೆಯದು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರ ಮೊದಲನೆಯ ಮಾತನ್ನು ಮತ್ತೆ ಒತ್ತಿ ಹೇಳಿತು, ಎರಡನೆಯದೇನೂ ರದ್ದಾಗಲಿಲ್ಲ. ಹಾಗಾದರೆ ಬಡ ರೋಗಿಗೆ ಔಷಧವಿಲ್ಲದ ಊರಿನಲ್ಲಿ ಮುದಿ ಕುದುರೆಗೆ ಹುಲ್ಲು ಹಾಕಲು ಕಾಣಿಕೆ ಎತ್ತಬಹುದೇ?

ಎತ್ತುವ ಪ್ರಸಂಗವೇ ಬರಬಾರದು ಎಂಬುದು ನನ್ನ ಅಭಿಪ್ರಾಯ. ಕಾಣಿಕೆ ಎಂಬುದು ದಾನ. ಇದು ದಾನದ ಬಾಬತ್ತಲ್ಲ, ಸಂಬಳದ ಬಾಬತ್ತು. ಗುರುಮಠದಲ್ಲಿ ಓದುವಾಗ ಸಂತ ಥಾಮಸ್ ಅಕ್ವಿನಾಸರ ನ್ಯಾಯ ವಿಚಾರದ ಮೇಲೆ ಪುಟಗಟ್ಟಲೆ ಬರೆದಿದ್ದೆ. ನ್ಯಾಯವೆಂಬುದು ವ್ಯಕ್ತಿ ವ್ಯಕ್ತಿಗಳ ನಡುವಿನದು. ಕುದುರೆ ನ್ಯಾಯಾಲಯಕ್ಕೆ ಹೋಗಿ ಬಾಕಿ ಕೇಳಲಾರದು ಎಂಬುದು ನಿಜ. ಆದರೆ ಲಾಭ ಉಂಡವನೇ ಭಾರ ಹೊರಬೇಕೆಂಬುದು ಮನುಷ್ಯ ಮನುಷ್ಯರ ನಡುವಿನ ನ್ಯಾಯವೇ ಅಲ್ಲವೇ? ಮಾಲೀಕನು ಬಹುಮಾನವನ್ನು ಜೇಬಿಗಿಳಿಸಿ, ಮುದಿ ಕುದುರೆಯನ್ನು ಊರವರ ಕರುಣೆಗೆ ಬಿಟ್ಟರೆ, ಅವನು ತನ್ನ ಖರ್ಚನ್ನು ನೆರೆಯವನ ತಲೆಗೆ ಕಟ್ಟಿದಂತಾಯಿತು. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ಒಂದು ಪುಟ್ಟ ನಿಯಮವಿದೆ: ಕಣದಲ್ಲಿ ತೆನೆ ತುಳಿಯುವ ಎತ್ತಿಗೆ ಕುಕ್ಕೆ ಹಾಕಬಾರದು. ಗಮನಿಸಿ, ಎತ್ತಿಗೆ ಬೇರೆಯವರ ಹೊಲದಿಂದ ಹುಲ್ಲು ಬೇಡಿ ತನ್ನಿ ಎಂದು ಅಲ್ಲಿ ಹೇಳಿಲ್ಲ. ಅದು ತುಳಿಯುತ್ತಿರುವ ರಾಶಿಯಲ್ಲೇ ಅದರ ಪಾಲಿದೆ.

ಈ ಪಾಲನ್ನು ರಾಶಿಯಲ್ಲೇ ತೆಗೆದಿಡದೆ ಬರೀ ದಯೆಯಿಂದ ಕೆಲಸ ಮಾಡಹೊರಟರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಉದಾಹರಣೆಯಿದೆ. 1983ರಲ್ಲಿ ಮೋನೀಕ್ ಕೋಲರ್ ಎಂಬ ಮಹಿಳೆ ಥರೋಬ್ರೆಡ್ ರಿಟೈರ್ಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದರು. ಥರೋಬ್ರೆಡ್ ಎಂದರೆ ಓಟದ ಕುದುರೆಯ ತಳಿ. ದಾನಿಗಳು ಕೊಟ್ಟರು, ಪಾಲ್ ಮೆಲನ್ ಎಂಬ ಶ್ರೀಮಂತರ ಉಯಿಲಿನಿಂದಲೂ ದೊಡ್ಡ ಮೊತ್ತ ಬಂತು. ಕುದುರೆಗಳು ಸಾವಿರ ದಾಟಿದವು. ಉಯಿಲಿನ ಹಣ ಬರುವುದು ಒಮ್ಮೆ, ಹಸಿವು ಬರುವುದು ದಿನವೂ. 2011ರಲ್ಲಿ, ಕುದುರೆ ಸಾಕುತ್ತಿದ್ದ ಕೆಲವು ಫಾರಂಗಳಿಗೆ ಹಣ ಸರಿಯಾಗಿ ತಲುಪುತ್ತಿಲ್ಲ, ಕೆಲವು ಕುದುರೆಗಳು ಹಸಿದು ಸೊರಗಿವೆ ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. 2012ರಲ್ಲಿ ಆ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. ಸಂಸ್ಥೆ ಆರೋಪವನ್ನು ಒಪ್ಪಲಿಲ್ಲ. 2013ರಲ್ಲಿ ರಾಜಿಯಾಯಿತು, ಸಂಸ್ಥೆ ಉಳಿಯಿತು. ಅಲ್ಲಿ ಕೆಲಸ ಮಾಡಿದವರಿಗೆ ಮನಸ್ಸಿರಲಿಲ್ಲ ಎಂದು ನಾನು ಹೇಳಲಾರೆ. ಧರ್ಮಕೇಂದ್ರದ ಹಣಕಾಸು ನೋಡುವ ನನಗೆ, ವರಮಾನ ನೋಡದೆ ಮಾತು ಕೊಡುವುದು ಎಷ್ಟು ಸುಲಭವೆಂದು ಚೆನ್ನಾಗಿ ಗೊತ್ತು.

ನಂತರ ಬಂದ ಏರ್ಪಾಡುಗಳು ಇದಕ್ಕಿಂತ ಮೇಲು. ಕ್ಯಾಲಿಫೋರ್ನಿಯಾದಲ್ಲಿ 2008ರಿಂದ ಮಾಲೀಕರ ಬಹುಮಾನದ ಹಣದಲ್ಲಿ ಶೇ. 0.3ರಷ್ಟನ್ನು ಹಿಡಿದಿಟ್ಟು ನಿವೃತ್ತ ಕುದುರೆಗಳ ನಿಧಿಗೆ ಕಳಿಸುವ ಪದ್ಧತಿ ಶುರುವಾಯಿತು. ಬೇಡವೆಂದವರು ಬರೆದುಕೊಟ್ಟು ಹೊರಗುಳಿಯಬಹುದು. ಬುದ್ಧಿವಂತ ಏರ್ಪಾಡು! ಕೊಡಲು ಅರ್ಜಿ ಬೇಕಾಗಿಲ್ಲ, ಕೊಡದಿರಲು ಬೇಕು. 2012ರಲ್ಲಿ ಥರೋಬ್ರೆಡ್ ಆಫ್ಟರ್‌ಕೇರ್ ಅಲಯನ್ಸ್ ಎಂಬ ಒಕ್ಕೂಟ ಹುಟ್ಟಿತು. ತಳಿಗಾರರು, ಮಾಲೀಕರು, ಹರಾಜು ಸಂಸ್ಥೆಗಳು ಇದಕ್ಕೆ ಹಣ ಕೊಡುತ್ತಾರೆ. ಅದು ಆಶ್ರಯ ಕೊಡುವ ಫಾರಂಗಳಿಗೆ ಹೋಗಿ ಲಾಯ, ಮೇವು, ಲೆಕ್ಕಪತ್ರ ಎಲ್ಲವನ್ನೂ ಪರೀಕ್ಷಿಸಿ, ಆಮೇಲೆ ಮಾನ್ಯತೆ, ಅನುದಾನ ಕೊಡುತ್ತದೆ. ಹಣ ಹಿಡಿಯುವವರು, ಖರ್ಚು ಮಾಡುವವರು ಬೇರೆಬೇರೆಯಾಗಿದ್ದರೆ ಲೆಕ್ಕ ಶುದ್ಧವಾಗಿರಲು ಅನುಕೂಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಹುಮಾನದ ಶೇ. 1ರಷ್ಟನ್ನು ಕುದುರೆಗಳ ಕ್ಷೇಮಕ್ಕೆ ತೆಗೆದಿಡುವ ನಿಯಮ ಬಂತು. ಕಸಾಯಿಖಾನೆಗೆ ಕಳಿಸಬಾರದೆಂಬ ನಿಯಮವೂ ಬಂತು. ಇಷ್ಟಾಗಿಯೂ 2019ರ ಅಕ್ಟೋಬರಿನಲ್ಲಿ ಎಬಿಸಿ ದೂರದರ್ಶನದ ಕಾರ್ಯಕ್ರಮವೊಂದು, ಪಕ್ಕದ ಕ್ವೀನ್ಸ್‌ಲ್ಯಾಂಡಿನ ಕಸಾಯಿಖಾನೆಯಲ್ಲಿ ಓಟದ ಕುದುರೆಗಳು ಸಾಯುತ್ತಿರುವುದನ್ನು, ಅವುಗಳಲ್ಲಿ ಈ ರಾಜ್ಯದವೂ ಇರುವುದನ್ನು ತೋರಿಸಿತು. ನಿಧಿಯಿದ್ದರೆ ಸಾಲದು, ಕೈಬದಲಾದ ಕುದುರೆ ಎಲ್ಲಿ ಹೋಯಿತೆಂದು ಬರೆದಿಡುವವರೂ ಬೇಕು.

ನಮ್ಮ ಬೆಂಗಳೂರು, ಮೈಸೂರುಗಳಲ್ಲಿಯೂ ರೇಸ್ ಮೈದಾನಗಳಿವೆ, ಕುಣಿಗಲ್‌ನಲ್ಲಿ ಹಳೆಯ ಕುದುರೆ ಫಾರಂ ಇದೆ. ಹುಡುಗಿಯ ಅಜ್ಜನನ್ನು ನಾನು ಮನೆಗೆ ಹೋಗಿ ಮಾತನಾಡಿಸಿದೆ. "ಕೆಲವು ಸವಾರಿ ಸ್ಕೂಲಿಗೆ ಹೋಗ್ತಿದ್ವು ಫಾದರ್. ಇನ್ನು ಕೆಲವು ಎಲ್ಲಿಗೆ ಹೋದ್ವೋ, ನಾವು ಕೇಳ್ತಿರಲಿಲ್ಲ. ಕೇಳಿದ್ರೆ ರಾತ್ರಿ ನಿದ್ದೆ ಬರ್ತಿರಲಿಲ್ಲ" ಎಂದರು. ಅವರಿಗೂ ಪಿಂಚಣಿ ಇಲ್ಲ. ಇದನ್ನು ಮರೆತು ನಾನು ಈ ಲೇಖನ ಬರೆದರೆ ಗುಮಾಸ್ತರ ಮಾತೇ ಗೆದ್ದಂತೆ. ಬಹುಮಾನದಲ್ಲಿ ಪಾಲು ಹಿಡಿಯುವಾಗ ಕುದುರೆಯ ಮೈ ಉಜ್ಜಿದ ಕೈಗೂ ಒಂದು ಪಾಲು ಹಿಡಿಯಬೇಕು.

ನಿಮ್ಮ ಮನೆಯಲ್ಲಿ ಓಟದ ಕುದುರೆ ಇರಲಿಕ್ಕಿಲ್ಲ. ಆದರೆ ಮಕ್ಕಳ ಹಟಕ್ಕೆ ನಾಯಿಮರಿ ತರುವ ದಿನ, ಅದು ಹನ್ನೆರಡು ವರ್ಷ ತಿನ್ನುವ ಅನ್ನದ, ಮುದಿಯಾದಾಗ ತಗಲುವ ಔಷಧದ ಲೆಕ್ಕವನ್ನು ಮಕ್ಕಳ ಎದುರಿಗೇ ಕೂತು ಹಾಕಿ ನೋಡಿ. ಲೆಕ್ಕ ಕೂಡಿಬರದಿದ್ದರೆ ತರಬೇಡಿ.

ಗುಮಾಸ್ತರಿಗೆ ಇದನ್ನೆಲ್ಲ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಸರ್ವಿಸ್‌ನಲ್ಲಿ ಇರುವಾಗ್ಲೇ ಪಿ.ಎಫ್. ಹಿಡೀಬೇಕು ಅನ್ನಿ" ಎಂದರು. ಹೌದು ಎಂದೆ. "ಆದ್ರೂ ಆ ದುಡ್ಡು ಮನುಷ್ಯರಿಗೆ ಸಿಕ್ಕಿದ್ರೆ..." ಎಂದು ಮತ್ತೆ ಎಳೆದರು. ಆಗ ನಾನು ಅವರಿಗೆ ವಾಲ್‌ಕಿಲ್ ಜೈಲಿನ ವಿಷಯ ಹೇಳಿದೆ. ನ್ಯೂಯಾರ್ಕ್ ರಾಜ್ಯದ ಈ ಸೆರೆಮನೆಯ ಹೊಲದಲ್ಲಿ ಮೇಲೆ ಹೇಳಿದ ಫೌಂಡೇಶನ್ 1984ರಲ್ಲಿ ತನ್ನ ಕುದುರೆಗಳನ್ನು ಬಿಟ್ಟಿತು. ಜಾಗ ಜೈಲಿನದು, ದುಡಿಮೆ ಕೈದಿಗಳದು. ಪ್ರಾಮಿಸ್ಡ್ ರೋಡ್ ಎಂಬುದು ಮೊದಲು ಆಶ್ರಯ ಪಡೆದ ಕುದುರೆಯ ಹೆಸರು. ಕೈದಿಗಳು ಬೆಳಿಗ್ಗೆ ಎದ್ದು ಲಾಯ ಗುಡಿಸುತ್ತಾರೆ, ಮೇವು ಹಾಕುತ್ತಾರೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ, ಕುದುರೆ ಸಾಕಣೆಯ ಪಾಠ ಕಲಿತು, ಬಿಡುಗಡೆಯಾದ ಮೇಲೆ ಕೆಲಸ ಕೇಳಲು ಪ್ರಮಾಣಪತ್ರ ಪಡೆಯುತ್ತಾರೆ. ಮುಂದೆ ಬೇರೆ ರಾಜ್ಯಗಳ ಜೈಲುಗಳಲ್ಲಿಯೂ ಇದೇ ಕೆಲಸ ಆರಂಭವಾಯಿತು.

ಮುಂದಿನ ಭಾನುವಾರ ಆ ಹುಡುಗಿಗೆ ಇದನ್ನು ಹೇಳಿದೆ. ಅವಳು ಕೇಳಿದ್ದು ಒಂದೇ: "ಅಲ್ಲಿ ಕುದುರೆ ಹೆಸರು ಹಿಡಿದು ಕರೀತಾರಾ ಫಾದರ್?"