ಹದಿಹರೆಯದ ಪಾಠಕ್ಕೆ ನಾಟಕದ ನೆರವು

ವಿಷಯ: ವಿಜ್ಞಾನ. ತರಗತಿ: 8. ಘಟಕ: ಹದಿಹರೆಯ. ಅವಧಿ: 40 ನಿಮಿಷ.

ಉದ್ದೇಶಗಳು: ವಿದ್ಯಾರ್ಥಿಗಳು (1) ಋತುಸ್ರಾವ ಸಹಜ ದೈಹಿಕ ಕ್ರಿಯೆ ಎಂದು ತಿಳಿಯುವರು, (2) ಆ ಕ್ರಿಯೆಯನ್ನೂ ಅದರ ಸುತ್ತ ಜನ ಕಟ್ಟಿದ ನಿಯಮಗಳನ್ನೂ ಬೇರ್ಪಡಿಸಿ ನೋಡುವರು.

ಹಿನ್ನೆಲೆ: ಮೊದಲ ಉದ್ದೇಶಕ್ಕೆ ಚಿತ್ರಪಟ ಸಾಕು. ಎರಡನೆಯದಕ್ಕೆ ಕೇರಳದ ನಂಬೂದಿರಿ ಸಮುದಾಯದ ಉದಾಹರಣೆ ಆರಿಸಿಕೊಂಡೆ. ಅಲ್ಲಿ ಹಿಂದೆ ಋತುಮತಿಯಾದ ಹುಡುಗಿ ಒಳಮನೆ ಸೇರಬೇಕಿತ್ತು. ಹೊರಗೆ ಹೊರಟರೆ ಗರಿಯ ಕೊಡೆಯಿಂದ ಮುಖ ಮರೆಸಿಕೊಳ್ಳಬೇಕು, ಜೊತೆಗೆ ದಾಸಿ ಇರಬೇಕು. ಹಿರಿಯ ಮಗನಿಗೆ ಮಾತ್ರ ಸ್ವಜಾತಿಯಲ್ಲಿ ಮದುವೆ. ಹಾಗಾಗಿ ಎಷ್ಟೋ ಹುಡುಗಿಯರು ವಯಸ್ಸಾದವರಿಗೆ ಎರಡನೆಯ, ಮೂರನೆಯ ಹೆಂಡತಿಯಾದರು. ಎಷ್ಟೋ ಮಂದಿ ಮದುವೆಯಿಲ್ಲದೆ ಉಳಿದರು. ಇದಕ್ಕೆಲ್ಲ ಶಾಂಕರಸ್ಮೃತಿಯ ಆಧಾರ ಹೇಳಲಾಗುತ್ತಿತ್ತು.

1929ರಲ್ಲಿ ವಿ. ಟಿ. ಭಟ್ಟತಿರಿಪ್ಪಾಡ್ ‘ಅಡುಗೆಮನೆಯಿಂದ ರಂಗಕ್ಕೆ’ ಎಂಬರ್ಥದ ಮಲಯಾಳ ನಾಟಕದಲ್ಲಿ ಇದನ್ನು ಪ್ರಶ್ನಿಸಿದರು. ಆದರೆ ಅದರಲ್ಲಿ ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಮಾಡಿದರು. 1948ರಲ್ಲಿ ಅದೇ ಸಮುದಾಯದ ಮಹಿಳೆಯರು ಒಟ್ಟಾಗಿ ‘ತೊಳಿಲ್ ಕೇಂದ್ರತ್ತಿಲೇಕ್ಕು’, ಅಂದರೆ ‘ದುಡಿಮೆಯ ಕೇಂದ್ರಕ್ಕೆ’, ಎಂಬ ನಾಟಕವನ್ನು ತಾವೇ ರಚಿಸಿ, ಗಂಡು ಪಾತ್ರಗಳನ್ನೂ ತಾವೇ ಅಭಿನಯಿಸಿದರು. ತಮ್ಮ ಪರವಾಗಿ ಬೇರೆಯವರು ಆಡುತ್ತಿದ್ದ ಮಾತನ್ನು ಅವರೇ ಆಡಿದರು. ನನ್ನ ಚಟುವಟಿಕೆಗೆ ಇದೇ ಆಧಾರ.

ಚಟುವಟಿಕೆ: ಸನ್ನಿವೇಶವನ್ನಷ್ಟೇ ಕೊಟ್ಟೆ: ಋತುಮತಿಯಾದ ಮೊಮ್ಮಗಳನ್ನು ತಾತ ಶಾಲೆ ಬಿಡಿಸುತ್ತಿದ್ದಾರೆ. ಸಂಭಾಷಣೆಯನ್ನು ಹುಡುಗಿಯರ ಗುಂಪೇ ಬರೆಯಿತು. ತಾತನ ಪಾತ್ರವೂ ಅವರದೇ. “ಶಾಸ್ತ್ರದಲ್ಲಿದೆ” ಎಂದ ತಾತನಿಗೆ ಮೊಮ್ಮಗಳು, “ಬರೆಯುವಾಗ ಹೆಂಗಸರನ್ನು ಕೇಳಿದ್ದರಾ ತಾತಾ?” ಎಂದಳು. ನಗುತ್ತಿದ್ದ ಹುಡುಗರು ಸುಮ್ಮನಾದರು. ಬಳಿಕ ಎಲ್ಲರೂ ಸೇರಿ ಕಪ್ಪುಹಲಗೆಯ ಮೇಲೆ ‘ದೇಹದ ಕ್ರಿಯೆ’, ‘ಜನರ ನಿಯಮ’ ಎಂದು ಎರಡು ಪಟ್ಟಿ ಮಾಡಿದರು.

ಅವಲೋಕನ: ನೇರ ಪ್ರಶ್ನೆಗೆ ತಲೆ ತಗ್ಗಿಸಿದ್ದ ಹುಡುಗಿಯರು ಪಾತ್ರವಾಗಿ ನಿಂತಾಗ ಮಾತಾಡಿದರು. ‘ಇದು ನನ್ನ ಮನೆಯ ಕಥೆಯಲ್ಲ’ ಎಂಬ ಮರೆ ಅವರಿಗೆ ಸಿಕ್ಕಿತ್ತು. ಹುಡುಗರಿಗೆ ಮೊದಲು ಕೇಳಿಸಿಕೊಳ್ಳುವ ಕೆಲಸ ಬಂತು, ಅದೂ ಕಲಿಕೆಯೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ಯಾರ ಮನೆಯ ಆಚಾರವನ್ನೂ ತರಗತಿಯಲ್ಲಿ ಕೇಳಬೇಡಿ. ಯಾವ ನಂಬಿಕೆಯನ್ನೂ ಹಾಸ್ಯ ಮಾಡಬೇಡಿ. ನಿಯಮವನ್ನು ಮಾತ್ರ ಪ್ರಶ್ನಿಸಲು ಬಿಡಿ. ಸಂಭಾಷಣೆ ತಿದ್ದುವ ಆಸೆಯಾದರೂ ತಡೆದುಕೊಳ್ಳಿ. ವಾಕ್ಯ ಒರಟಾಗಿದ್ದರೂ ಅದು ಅವರದಾಗಿರಲಿ.

ಮೌಲ್ಯಮಾಪನ: ಋತುಚಕ್ರದ ಹಂತಗಳನ್ನು ಬರೆಯಿರಿ. ಎರಡನೆಯ ಪಟ್ಟಿಯ ಒಂದು ನಿಯಮವನ್ನು ಆರಿಸಿ, ಅದಕ್ಕೆ ದೈಹಿಕ ಕಾರಣವಿದೆಯೇ ಎಂದು ವಿವರಿಸಿ.