ಅಲಾರಂಗಿಂತ ಮೊದಲು ಪಾಲಿಸಿ ನೋಡಿ

ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ ಮೇಲೆ ಈ ಸೀಮೆಯಲ್ಲಿ ನೀರು ನಿಂತಿತು, ಕಬ್ಬು ಹಬ್ಬಿತು. ಕಬ್ಬಿನ ಜತೆಗೇ ಓಡಾಟವೂ ಬೆಳೆಯಿತು. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಮೋಟರ್ ಚಾಲೂ ಮಾಡಲು ಹೊಳೆದಂಡೆಗೆ ಹೋಗುವವರಿಗೆ, ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗುವವರಿಗೆ, ಬನಹಟ್ಟಿಯ ಮಗ್ಗಗಳಿಗೆ ನೂಲು ಒಯ್ಯುವವರಿಗೆ ಇಂದು ಬೈಕಿಲ್ಲದೆ ದಿನ ಸಾಗದು. ಆ ಬೈಕುಗಳಲ್ಲಿ ಸಾಲದ ಮೇಲೆ ಬಂದವು ಬಹಳ. ಗಾಡಿ ಕಳುವಾದರೂ ಕಂತು ನಿಲ್ಲುವುದಿಲ್ಲ. ಹಾಗಿರುವಾಗ ಆಟೊಮೊಬೈಲ್ಸ್ ಅಂಗಡಿಯಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ರಿಮೋಟ್ ಅಲಾರಂ ಹಾಕಿಸಿದರೆ ನಿಶ್ಚಿಂತೆ ಎಂದು ಅನ್ನಿಸುವುದು ಸಹಜ. ಆ ಖರ್ಚನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಗಾಡಿಯ ರಕ್ಷಣೆಗೆ ಹಣ ಹಂಚುವಾಗ ಅಲಾರಂನ ಸರದಿ ಮೂರನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಎರಡನ್ನು ಬಿಟ್ಟು ಅದನ್ನೊಂದೇ ಕೊಂಡರೆ ಹಣ ಹೋಗುತ್ತದೆ, ಭದ್ರತೆ ಬರುವುದಿಲ್ಲ.

ಮೊದಲನೆಯದು ವಿಮೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಶೋರೂಮಿನಲ್ಲಿ ಅದರ ಜತೆ ಕೊಡುವ ಓನ್ ಡ್ಯಾಮೇಜ್ ವಿಮೆ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದು. ಕಾಗದ ಐದು ವರ್ಷದ್ದು ಎಂದು ಮನೆಯವರು ನೆಮ್ಮದಿಯಿಂದ ಇರುತ್ತಾರೆ, ಪೊಲೀಸರು ತಡೆದರೂ ಆ ಕಾಗದ ನಡೆಯುತ್ತದೆ. ಆದರೆ ಥರ್ಡ್ ಪಾರ್ಟಿ ಎಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ಪರಿಹಾರ. ನಮ್ಮ ಗಾಡಿ ಕಳುವಾದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಕಳವಿನ ಪರಿಹಾರ ಇರುವುದು ಎರಡನೆಯ ವರ್ಷದಿಂದ ಬಹಳ ಜನ ಕಟ್ಟದೆ ಬಿಡುವ ಆ ಓನ್ ಡ್ಯಾಮೇಜ್ ಭಾಗದಲ್ಲಿ. ಶೋರೂಂ ಬೆಲೆ 90,000 ರೂಪಾಯಿಯ ಗಾಡಿ ಎಂದಿಟ್ಟುಕೊಳ್ಳಿ. ಎರಡು ತುಂಬಿ ಮೂರನೆಯ ವರ್ಷ ನಡೆಯುತ್ತಿದ್ದರೆ ಶೇ 30 ಸವಕಳಿ ಕಳೆದು ಸುಮಾರು 63,000 ರೂಪಾಯಿ ವಿಮಾ ಮೌಲ್ಯ ಉಳಿದಿರುತ್ತದೆ. ಅದನ್ನು ಕಾಯಲು ವರ್ಷಕ್ಕೆ ಬೇಕಾಗುವ ಪ್ರೀಮಿಯಂ ಹೆಚ್ಚೂಕಡಿಮೆ ಒಂದು ಅಲಾರಂನ ಬೆಲೆಯಷ್ಟೇ. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಯಾವುದಕ್ಕೆ ಕೊಡಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.

ಎರಡನೆಯದು ಕಬ್ಬಿಣ. ಹ್ಯಾಂಡಲ್ ಲಾಕ್ ಬಲವಾಗಿ ತಿರುವಿದರೆ ಮುರಿಯುತ್ತದೆ. ಗಾಲಿಯೊಳಗಿಂದ ಹಾಯಿಸಿ ಕಂಬಕ್ಕೆ ಬಿಗಿದ ದಪ್ಪ ಸರಪಳಿ ಕತ್ತರಿಸಲು ಹೊತ್ತು ಬೇಕು, ಸಲಕರಣೆ ಬೇಕು. ಅದಕ್ಕೆ ಬ್ಯಾಟರಿಯೂ ಬೇಡ, ಕೇಳುವ ಕಿವಿಯೂ ಬೇಡ.

ಅಲಾರಂಗೆ ಕಿವಿ ಬೇಕು. ಗಾಡಿ ಅಲುಗಿದ್ದನ್ನು ಸೆನ್ಸರ್ ಹಿಡಿದು ಸೈರನ್ ಕೂಗಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು, ಮುಂದಿನದು ಸುತ್ತಲಿನ ಜನರದು. ಊರೊಳಗೆ ಅಂಗಳದಲ್ಲಿ ನಿಂತ ಗಾಡಿ ನಡುರಾತ್ರಿ ಕೂಗಿದರೆ ನಾಲ್ಕು ಮನೆಯವರು ಏಳುತ್ತಾರೆ, ಅಲ್ಲಿ ಸಾವಿರ ರೂಪಾಯಿ ಸಾರ್ಥಕ. ಆದರೆ ಆಳೆತ್ತರ ಮೀರಿದ ಕಬ್ಬಿನ ಪಡದ ಬದುವಿನಲ್ಲಿ ಗಾಡಿ ನಿಲ್ಲಿಸಿ ಹೊಳೆಯ ಪಂಪ್‌ಸೆಟ್ಟಿನವರೆಗೆ ನಡೆದು ಹೋದವರಿಗೆ ಆ ಕೂಗು ಮುಟ್ಟುವುದಿಲ್ಲ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಜನರೇನೋ ಇದ್ದಾರೆ, ಆದರೆ ಪವರ್‌ಲೂಮುಗಳ ಸದ್ದಿನೊಳಗೆ ಕೂತವರಿಗೆ ಹೊರಗಿನ ಸೈರನ್ ಕೇಳಿಸುವುದಾದರೂ ಹೇಗೆ? ಕಬ್ಬು ನುರಿಸುವ ಹಂಗಾಮಿನಲ್ಲಿ ಇನ್ನೊಂದು ತೊಡಕು. ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಹಾದಾಗೆಲ್ಲ ರಸ್ತೆ ಅದುರಿ ಅಗ್ಗದ ಸೆನ್ಸರ್ ಬಡಿದೇಳುತ್ತದೆ. ವಾರವಿಡೀ ಸುಳ್ಳೇ ಕೂಗಿದ ಗಾಡಿ ನಿಜವಾಗಿ ಕೂಗಿದ ದಿನ ಓಣಿಯವರು ಏಳುವುದಿಲ್ಲ. ಹಾಕಿಸಿದರೆ ಸೆನ್ಸರಿನ ಸೂಕ್ಷ್ಮತೆಯನ್ನು ಅಲ್ಲೇ ತಗ್ಗಿಸಿ, ಪಕ್ಕದಲ್ಲಿ ಭಾರದ ಗಾಡಿ ಹಾಯುವಾಗ ಪರೀಕ್ಷಿಸಿ ನೋಡಬೇಕು.

ಬ್ಯಾಟರಿಯ ಲೆಕ್ಕವನ್ನೂ ಅಂಗಡಿಯವರು ಹೇಳುವುದಿಲ್ಲ. ಅಲಾರಂ ಕೂಗದೆ ಸುಮ್ಮನೆ ಕಾಯುವಾಗಲೂ ಕರೆಂಟ್ ಎಳೆಯುತ್ತದೆ. ಹತ್ತು ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಕಾಲು ಆಂಪಿಯರ್-ಅವರ್ ಹತ್ತಿರ ಹೋಯಿತು. ನಾಲ್ಕು ಆಂಪಿಯರ್-ಅವರಿನ ಬ್ಯಾಟರಿ, ಗಾಡಿ ಓಡಿಸದೆ ನಿಲ್ಲಿಸಿದರೆ, ಎರಡು ವಾರದ ಆಚೀಚೆ ಬರಿದಾಗುತ್ತದೆ. ಹಳೆಯ ಕಾರ್ಬುರೇಟರ್ ಗಾಡಿಯಾದರೆ ಕಿಕ್ ಹೊಡೆದು ಹೊರಡಬಹುದಿತ್ತು. 2020ರ ಏಪ್ರಿಲ್ ನಂತರ ಬಂದ ಬಿಎಸ್6 ಗಾಡಿಗಳಲ್ಲಿ ಬಹುಪಾಲು ಫ್ಯುಯೆಲ್ ಇಂಜೆಕ್ಷನ್ನಿನವು, ಪೆಟ್ರೋಲ್ ಪಂಪಿಗೂ ಬ್ಯಾಟರಿಯೇ ಬೇಕು. ಮೂಲ ವೈರು ಕತ್ತರಿಸಿ ಟೇಪು ಸುತ್ತಿದ ಫಿಟ್ಟಿಂಗ್ ಆದರೆ ವಾರಂಟಿಗೂ ಕುತ್ತು, ಶಾರ್ಟ್ ಆಗುವ ಭಯವೂ ಇದೆ. ನಿಮ್ಮ ಗಾಡಿಯ ಕಪ್ಲರಿಗೆ ನೇರ ಕೂರುವ, ಫ್ಯೂಸ್ ಇರುವ ಕಿಟ್‌ಗೆ ಇನ್ನೂರು ಮುನ್ನೂರು ಹೆಚ್ಚಾದರೂ ಕೊಡಿ.

ವಿಮೆ ಕಟ್ಟಿದ್ದರೂ ಹಣ ಬರುವುದಿಲ್ಲ, ತಿಂಗಳುಗಟ್ಟಲೆ ಅಲೆದಾಡಿಸುತ್ತಾರೆ ಎಂಬ ಆಕ್ಷೇಪ ಹಳ್ಳಿಗಳಲ್ಲಿ ಬಲವಾಗಿದೆ. ಅಲೆದಾಟ ನಿಜ. ಎಫ್‌ಐಆರ್ ಬೇಕು, ಗಾಡಿ ಪತ್ತೆಯಾಗಲಿಲ್ಲವೆಂಬ ಪೊಲೀಸರ ವರದಿ ಬೇಕು, ಎರಡೂ ಕೀಲಿ ಒಪ್ಪಿಸಬೇಕು. ಕೀಲಿ ಗಾಡಿಯಲ್ಲೇ ಬಿಟ್ಟಿದ್ದರೆ ಪರಿಹಾರಕ್ಕೆ ಕತ್ತರಿ ಬೀಳಬಹುದು. ಆದರೆ ಎಫ್‌ಐಆರ್ ಕೂಡಲೇ ಆಗಿದ್ದು, ಕಂಪನಿಗೆ ತಿಳಿಸುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕಳವಿನ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಲೆದರೆ ಸಿಗುವ ದಾರಿಯೊಂದು ಇದೆಯಲ್ಲ, ಅಲಾರಂ ಸೋತರೆ ಅದೂ ಇಲ್ಲ. ಜಿಪಿಎಸ್ ಹಾಕಿಸಿದರೆ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಒಳ್ಳೆಯ ಸಾಧನವೇ, ಆದರೆ ಅದರೊಳಗಿನ ಸಿಮ್‌ಗೆ ವರ್ಷವರ್ಷವೂ ಹಣ ಹಾಕಬೇಕು, ಅದೂ ಗಾಡಿಯ ಬ್ಯಾಟರಿಯನ್ನೇ ನಂಬಿದೆ. ಹತ್ತು ವರ್ಷದ ಹಳೆಯ ಗಾಡಿಗೆ ವಿಮಾ ಮೌಲ್ಯವೇ ಉಳಿದಿಲ್ಲವಲ್ಲ ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಅಂಥ ಗಾಡಿಗೆ ಸರಪಳಿ, ಊರೊಳಗೆ ನಿಲ್ಲುವುದಾದರೆ ಅಲಾರಂ, ಅಷ್ಟು ಸಾಕು.

ಐದು ವರ್ಷದೊಳಗಿನ ಗಾಡಿ ನಿಮ್ಮದಾಗಿದ್ದರೆ ಇಂದೇ ಪಾಲಿಸಿಯ ಕಾಗದ ತೆಗೆದು ನೋಡಿ. ಅದರಲ್ಲಿ ಎರಡು ಮುಕ್ತಾಯದ ತಾರೀಖುಗಳಿರುತ್ತವೆ. ಓನ್ ಡ್ಯಾಮೇಜ್ ತಾರೀಖು ದಾಟಿದ್ದರೆ ಅಲಾರಂಗೆಂದು ತೆಗೆದಿಟ್ಟ ಸಾವಿರ ರೂಪಾಯಿಯನ್ನು ಮೊದಲು ಅಲ್ಲಿಗೆ ಕಟ್ಟಿ.